ಐವತ್ತು ಅಡಿಯ ಅಂತರ



ಭೂಕಂಪವಾದ ಮರುದಿನ ನಾವು ಸತ್ತವರೆಷ್ಟು ಎಂದು ಕೇಳುತ್ತೇವೆ. ಆ ಜಾಗದಲ್ಲಿ ಮನೆ ಕಟ್ಟಲು ಪರವಾನಗಿ ಕೊಟ್ಟವರು ಯಾರು, ಏನು ನೋಡಿ ಕೊಟ್ಟರು ಎಂದು ಕೇಳುವುದು ಅಪರೂಪ. ಈ ಪ್ರಶ್ನೆಯನ್ನು ಕಾನೂನಿನ ಭಾಷೆಯಲ್ಲಿ ಕೇಳಿದ ರಾಜ್ಯ ಕ್ಯಾಲಿಫೋರ್ನಿಯಾ.

1971ರ ಫೆಬ್ರವರಿ 9ರ ಬೆಳಿಗ್ಗೆ ಲಾಸ್ ಏಂಜಲೀಸ್‌ನ ಉತ್ತರ ಭಾಗದ ಸ್ಯಾನ್ ಫರ್ನಾಂಡೊದಲ್ಲಿ ನೆಲ ಅಲುಗಿದ್ದಷ್ಟೇ ಅಲ್ಲ, ಸೀಳಿತು. ಸೀಳಿನ ಮೇಲೆ ನಿಂತಿದ್ದ ಕಟ್ಟಡಗಳು ಬುಡದಿಂದಲೇ ಹರಿದವು. ಮರುವರ್ಷ ಆಲ್‌ಕ್ವಿಸ್ಟ್–ಪ್ರಿಯೋಲೊ ಕಾಯ್ದೆ ಬಂತು. ಅದರ ಪ್ರಕಾರ ಸಕ್ರಿಯ ಸ್ತರಭಂಗಗಳ, ಅಂದರೆ ನೆಲ ಸೀಳಿ ಸರಿಯುವ ಬಿರುಕುಗಳ, ಸುತ್ತ ರಾಜ್ಯವು ನಕ್ಷೆಯಲ್ಲಿ ವಲಯ ಗುರುತಿಸುತ್ತದೆ. ಆ ವಲಯದೊಳಗೆ ಬಡಾವಣೆ ಬರಬೇಕಾದರೆ, ನಗರಸಭೆಯೋ ಕೌಂಟಿಯೋ ಒಪ್ಪುವ ಮುನ್ನ ಬಿಲ್ಡರ್ ಭೂವೈಜ್ಞಾನಿಕ ವರದಿ ತರಬೇಕು. ಕಳೆದ ಸುಮಾರು 11,700 ವರ್ಷಗಳಲ್ಲಿ ಸರಿದ ಸ್ತರಭಂಗ ಸಕ್ರಿಯವೆನಿಸುತ್ತದೆ; ಜನ ವಾಸಿಸುವ ಕಟ್ಟಡ ಸಾಮಾನ್ಯವಾಗಿ ಅದರಿಂದ 50 ಅಡಿ ದೂರವಿರಬೇಕು. ಬಿಡಿಯಾಗಿ ಕಟ್ಟಿಕೊಳ್ಳುವ ಮರದ ಚೌಕಟ್ಟಿನ ಸಣ್ಣ ಮನೆಗೆ ವಿನಾಯಿತಿ ಉಂಟು.

ಆ ವರದಿ ಹುಟ್ಟುವುದು ಕಂದಕದಲ್ಲಿ. ಸ್ತರಭಂಗ ಹಾದಿರಬಹುದಾದ ದಿಕ್ಕಿಗೆ ಅಡ್ಡಲಾಗಿ ನಿವೇಶನವನ್ನು ಆಳವಾಗಿ ಅಗೆಯುತ್ತಾರೆ. ಭೂವಿಜ್ಞಾನಿ ಒಳಗಿಳಿದು, ಗೋಡೆಯ ಮಣ್ಣನ್ನು ಕೆರೆದು ನಯ ಮಾಡಿ, ಪದರ ಪದರವನ್ನೂ ಚಿತ್ರಿಸಿಕೊಳ್ಳುತ್ತಾರೆ. ಒಂದು ಪದರ ಥಟ್ಟನೆ ತುಂಡಾಗಿ ಪಕ್ಕದಲ್ಲಿ ಬೇರೆ ಮಟ್ಟದಲ್ಲಿ ಮುಂದುವರಿದಿದ್ದರೆ ಅಲ್ಲಿ ನೆಲ ಸರಿದಿದೆ. ಯಾವಾಗ ಸರಿಯಿತೆಂಬುದನ್ನು ಪದರದೊಳಗಿನ ಇದ್ದಿಲಿನ ಚೂರು ಹೇಳುತ್ತದೆ. ಅದೇ ರಾಜ್ಯದ ಫ್ರೀಮಾಂಟ್‌ನಲ್ಲಿ ಹೇವರ್ಡ್ ಸ್ತರಭಂಗದ ಮೇಲಿರುವ ಒಂದು ಜೌಗು ತಾಣದಲ್ಲಿ ವಿಜ್ಞಾನಿಗಳು ಹೀಗೆಯೇ ಅಗೆದು, 1,900 ವರ್ಷಗಳಲ್ಲಿ ಸುಮಾರು 12 ದೊಡ್ಡ ಕಂಪನಗಳ ಗುರುತು ಕಂಡರು. ಕೊನೆಯದು 1868ರದ್ದು. ಫ್ರೀಮಾಂಟ್ ನಮಗೆ ಅಪರಿಚಿತ ಊರಲ್ಲ, ಅಲ್ಲಿ ಮನೆ ಮಾಡಿಕೊಂಡ ಕನ್ನಡದ ಕುಟುಂಬಗಳಿವೆ. ಮನೆ ವಲಯದೊಳಗಿದ್ದರೆ ಮಾರುವವರು ಅದನ್ನು ಬರೆದು ತಿಳಿಸಲೇಬೇಕೆಂದು ಕಾನೂನಿದೆ. ಸಹಿಗೆಂದು ಮುಂದಿಟ್ಟ ಕಾಗದದ ಕಂತೆಯಲ್ಲಿ ಆ ಹಾಳೆಯನ್ನು ಓದುವವರೆಷ್ಟೋ!

ಭೂವಿಜ್ಞಾನಿಗೆ ಹಣ ಕೊಡುವವನು ಬಿಲ್ಡರ್. ಹಾಗೆಂದು ವರದಿ ಸುಳ್ಳಾಗಬೇಕಿಲ್ಲ, ಆದರೆ ಅನುಮಾನಕ್ಕೆ ಆಸ್ಪದವಿದೆ. ಅದಕ್ಕೇ ಸ್ಥಳೀಯ ಸಂಸ್ಥೆ ತನ್ನ ಪರವಾಗಿ ಇನ್ನೊಬ್ಬ ಭೂವಿಜ್ಞಾನಿಯಿಂದ ಅದರ ಪರಿಶೀಲನೆ ಮಾಡಿಸಬೇಕು. ಕಾಯ್ದೆಯ ಜೀವ ಇರುವುದು ನಕ್ಷೆಗಿಂತ ಹೆಚ್ಚಾಗಿ ಈ ಎರಡನೆಯ ಪರಿಶೀಲನೆಯಲ್ಲಿ ಎಂಬುದು ನನ್ನ ಎಣಿಕೆ. ಕಂದಕ ಮುಚ್ಚುವ ಮೊದಲೇ ಆ ಎರಡನೆಯವರು ಅದರೊಳಗೆ ಇಳಿದು ನೋಡಿರಬೇಕು.

ಈ ಕಾಯ್ದೆ ತಡೆಯುವುದು ನೆಲದ ಸೀಳಿನ ಅಪಾಯವನ್ನು ಮಾತ್ರ. 1994ರ ನಾರ್ತ್‌ರಿಜ್ ಕಂಪನದಲ್ಲಿ ಸ್ತರಭಂಗ ಮೇಲಕ್ಕೆ ಬರಲೇ ಇಲ್ಲ. ಆದರೂ ಒಂದೇ ಅಪಾರ್ಟ್‌ಮೆಂಟ್ ಸಮುಚ್ಚಯ ಕುಸಿದು 16 ಜನ ಸತ್ತರು. ಅಲುಗಾಟಕ್ಕೆ ಮದ್ದು ಕಟ್ಟಡ ಸಂಹಿತೆಯಲ್ಲಿದೆ, ಅದು ಬೇರೆಯೇ ಉಪನ್ಯಾಸದ ವಿಷಯ.

ನೆಲದ ಸೀಳಿನ ವಿಷಯಕ್ಕೇ ಮರಳಿದರೆ, ಹಾಲಿವುಡ್‌ನ ಪ್ರಕರಣ ಸಿಕ್ಕಿನದು. ಕ್ಯಾಪಿಟಲ್ ರೆಕಾರ್ಡ್ಸ್ ಕಟ್ಟಡದ ಮಗ್ಗುಲಲ್ಲಿ ಎರಡು ಗಗನಚುಂಬಿಗಳಿಗೆ ಲಾಸ್ ಏಂಜಲೀಸ್ ನಗರಸಭೆ 2013ರಲ್ಲಿ ಒಪ್ಪಿಗೆ ಕೊಟ್ಟಿತು. ಹಾಲಿವುಡ್ ಸ್ತರಭಂಗದ ಅಧಿಕೃತ ವಲಯದ ನಕ್ಷೆ ಬಂದದ್ದು 2014ರಲ್ಲಿ, ಅಂದರೆ ಮತ ಬಿದ್ದ ಮೇಲೆ! ನಿವೇಶನ ಆ ವಲಯದೊಳಗಿತ್ತು. ಬೇರೆ ಕಾರಣಗಳಿಗಾಗಿ ನ್ಯಾಯಾಲಯ 2015ರಲ್ಲಿ ಒಪ್ಪಿಗೆಯನ್ನು ರದ್ದುಮಾಡಿತು. ಕಂದಕ ತೋಡಿಸಿದ ಬಿಲ್ಡರ್ ಕಡೆಯವರು ಸಕ್ರಿಯ ಸ್ತರಭಂಗವಿಲ್ಲ ಎಂದರು. ಯೋಜನೆ ಹೊಸ ರೂಪದಲ್ಲಿ ಮರಳಿ ಬಂದಾಗ, 2020ರಲ್ಲಿ ರಾಜ್ಯದ ಭೂವೈಜ್ಞಾನಿಕ ಸಂಸ್ಥೆಯು ಅಲ್ಲಿ ಸಕ್ರಿಯ ಸ್ತರಭಂಗ ಇದೆ ಎಂಬುದಕ್ಕೆ ಪುರಾವೆಯುಂಟೆಂದು ನಗರಕ್ಕೆ ಪತ್ರ ಬರೆಯಿತು.

ಪರಿಣತರೇ ಹೀಗೆ ಎರಡು ದಿಕ್ಕಿಗೆ ಎಳೆಯುವಾಗ, ಮತ ಹಾಕಬೇಕಾದ ಸದಸ್ಯರು ಮಣ್ಣಿನ ಪದರ ಓದಬಲ್ಲವರೇನಲ್ಲ. ಆದರೆ ಕಂದಕ ಎಲ್ಲಿಂದ ಎಲ್ಲಿಯವರೆಗೆ ತೋಡಿದಿರಿ, ತೋಡದೆ ಬಿಟ್ಟ ಜಾಗ ಯಾವುದು, ಅದರ ಮೇಲೆ ಏನು ಕಟ್ಟುತ್ತೀರಿ ಎಂದು ಕೇಳಲು ಭೂವಿಜ್ಞಾನದ ಪದವಿ ಬೇಕಿಲ್ಲ. ಉತ್ತರ ಬರುವವರೆಗೆ ಕಡತವನ್ನು ಮುಂದೂಡುವ ಅಧಿಕಾರ ಅವರಿಗಿದೆ.