ಬುದ್ಧಿಗೆ ಅಳತೆಗೋಲು ಯಾವುದು?

(ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿಯಲ್ಲಿ ನೀಡಿದ ಪ್ರವಚನಗಳಿಂದ)



ಓದಿದ ಹುಡುಗರು ಈಗೀಗ ಒಂದು ಪ್ರಶ್ನೆ ಕೇಳುತ್ತಾರೆ. ಸಮುದ್ರದಲ್ಲಿ ಡಾಲ್ಫಿನ್ ಎಂಬ ಪ್ರಾಣಿ ಇದೆಯಂತೆ. ಅದರ ಬುದ್ಧಿ ಮನುಷ್ಯನ ಬುದ್ಧಿಗೆ ಸಮ ಎನ್ನುತ್ತಾರಲ್ಲ, ಅದು ನಿಜವೇ? ಪ್ರಶ್ನೆ ಒಳ್ಳೆಯದು. ಕಡಲನ್ನೇ ಕಾಣದ ನಮ್ಮ ಸೀಮೆಯವರಿಗೆ ಇದೇಕೆ ಎನ್ನಬೇಡಿ. ಈ ಪ್ರಶ್ನೆಗೂ ಮಸ್ಕಿಯ ಗುಡ್ಡದ ಬಂಡೆಗೂ ನಂಟಿದೆ, ಸಿಂಧನೂರಿನ ಗದ್ದೆಗೆ ಹರಿಯುವ ನೀರಿಗೂ ನಂಟಿದೆ. ಅದನ್ನೇ ಇಂದು ಸ್ವಲ್ಪ ವಿಚಾರ ಮಾಡೋಣ.

ಮೊದಲು ಡಾಲ್ಫಿನ್ ಎಂದರೇನು ತಿಳಿಯೋಣ. ನೋಡಲಿಕ್ಕೆ ಅದು ಮೀನಿನ ಹಾಗೆ ಇದೆ, ಆದರೆ ಮೀನಲ್ಲ. ಅದು ಮರಿ ಹಾಕುತ್ತದೆ, ಮರಿಗೆ ಹಾಲು ಕುಡಿಸುತ್ತದೆ. ಅದರ ಮೈಯಲ್ಲಿ ಹರಿಯುವುದು ನಮ್ಮ ಹಾಗೆಯೇ ಬಿಸಿರಕ್ತ. ನೀರಿನಲ್ಲಿ ವಾಸ, ಆದರೆ ಉಸಿರಾಟ ಗಾಳಿಯಲ್ಲಿ. ನೀವು ಕಾರವಾರಕ್ಕೋ ಮುರುಡೇಶ್ವರಕ್ಕೋ ಹೋದರೆ, ಅದೃಷ್ಟವಿದ್ದರೆ, ಅಲೆಗಳ ನಡುವೆ ಅದರ ಬೆನ್ನು ಮೇಲೆದ್ದು ಮತ್ತೆ ಮುಳುಗುವುದನ್ನು ಕಾಣಬಹುದು. ಉಸಿರಿಗಾಗಿ ಮೇಲೆ ಬರುತ್ತದೆ, ಅಷ್ಟೆ. ನಾವು ಮಲಗಿದಾಗ ಉಸಿರು ತಾನಾಗಿ ಆಡುತ್ತದೆ. ಡಾಲ್ಫಿನ್ನಿಗೆ ಆ ಭಾಗ್ಯವಿಲ್ಲ. ಪ್ರತಿ ಉಸಿರನ್ನೂ ಅದು ಎಚ್ಚರದಿಂದ ತೆಗೆದುಕೊಳ್ಳಬೇಕು. ಅದಕ್ಕಾಗಿ ಅದು ಮೆದುಳಿನ ಅರ್ಧ ಭಾಗ ಮಲಗಿಸಿ ಅರ್ಧ ಭಾಗವನ್ನು ಎಚ್ಚರವಾಗಿಟ್ಟುಕೊಳ್ಳುತ್ತದೆ. ನಾವು ಎರಡೂ ಭಾಗ ಎಚ್ಚರವಿದ್ದಾಗಲೇ ತೂಕಡಿಸುತ್ತೇವೆ!

ಇನ್ನು ಬುದ್ಧಿಯ ಮಾತು. ಮೆದುಳಿನ ತೂಕವೇ ಬುದ್ಧಿ ಎನ್ನುವುದಾದರೆ ಲೆಕ್ಕ ಹೀಗಿದೆ. ಮನುಷ್ಯನ ಮೆದುಳು 1.3ರಿಂದ 1.4 ಕಿಲೋ. ಬಾಟಲಿಯ ಮೂತಿಯಂಥ ಮೂತಿಯುಳ್ಳ ಡಾಲ್ಫಿನ್ನಿನದು ಸುಮಾರು 1.6 ಕಿಲೋ. ಅಲ್ಲಿಗೆ ನಾವು ಸೋತೆವು. ಆದರೆ ಆನೆಯ ಮೆದುಳು ಸುಮಾರು 5 ಕಿಲೋ, ದೊಡ್ಡ ತಿಮಿಂಗಿಲದ್ದು 8 ಕಿಲೋ. ಹಾಗಾದರೆ ಇವೆಲ್ಲ ನಮಗಿಂತ ಹಲವು ಪಟ್ಟು ಬುದ್ಧಿವಂತವೇ? ಅಲ್ಲ. ದೊಡ್ಡ ಮೈಗೆ ದೊಡ್ಡ ಮೆದುಳು ಬೇಕೇ ಬೇಕು. ಆದ್ದರಿಂದ ವಿಜ್ಞಾನಿಗಳು ಮೈಯ ಗಾತ್ರಕ್ಕೆ ಹೋಲಿಸಿ ಲೆಕ್ಕ ಹಾಕಿದರು. ಅಷ್ಟೇ ಮೈಯುಳ್ಳ ಸಾಮಾನ್ಯ ಪ್ರಾಣಿಗೆ ಇರಬೇಕಾದ ಮೆದುಳನ್ನು 1 ಎಂದು ಹಿಡಿದರೆ, ಚಿಂಪಾಂಜಿಗೆ 2ರಿಂದ 3, ಡಾಲ್ಫಿನ್ನಿಗೆ 4ರಿಂದ 5, ಮನುಷ್ಯನಿಗೆ ಸುಮಾರು 7. ನಾವು ಮುಂದಿದ್ದೇವೆ. ಆದರೆ ನಮ್ಮ ಹಿಂದೆ ಇರುವುದು ಮಂಗವಲ್ಲ, ನೀರಿನಲ್ಲಿರುವ ಈ ಪ್ರಾಣಿ. ಇದು ವಿಚಾರ ಮಾಡತಕ್ಕ ಸಂಗತಿ.

ಆದರೂ ಬಂಧುಗಳೇ, ಸೇರಿನಿಂದ ಬಟ್ಟೆ ಅಳೆಯಲಾದೀತೇ? ಗಜದಿಂದ ಜೋಳ ಅಳೆಯಲಾದೀತೇ? ಬುದ್ಧಿಯನ್ನು ತಕ್ಕಡಿಯಲ್ಲಿ ತೂಗಲಾಗದು. ಅದು ಏನು ಮಾಡುತ್ತದೆ ಎಂದು ನೋಡಬೇಕು.

ತಾಯಂದಿರು ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಏನು ಮಾಡುತ್ತೀರಿ? ಬೆರಳಿನಿಂದ ತಟ್ಟಿ ನೋಡುತ್ತೀರಿ. ಕಣ್ಣಿಗೆ ಕಾಣದ ಸೀಳನ್ನು ಕಿವಿ ಹಿಡಿಯುತ್ತದೆ. ಡಾಲ್ಫಿನ್ ಇಡೀ ಸಮುದ್ರವನ್ನೇ ಹೀಗೆ ತಟ್ಟಿ ನೋಡುತ್ತದೆ. ಟಿಕ್ ಟಿಕ್ ಎಂದು ಸದ್ದು ಬಿಡುತ್ತದೆ. ಆ ಸದ್ದು ಎದುರಿನ ವಸ್ತುವಿಗೆ ಬಡಿದು ಮರಳಿ ಬಂದಾಗ, ಅದು ಮೀನೋ ಕಲ್ಲೋ, ಎಷ್ಟು ದೂರವಿದೆ, ಎತ್ತ ಹೋಗುತ್ತಿದೆ ಎಂದು ಅರಿಯುತ್ತದೆ. ನಮ್ಮ ಗಂಗಾನದಿಯ ಡಾಲ್ಫಿನ್ನಿಗೆ ಕಣ್ಣು ಬಹುತೇಕ ಕುರುಡು. ರಾಡಿ ನೀರಿನಲ್ಲಿ ಕಣ್ಣಿಂದ ಏನು ಪ್ರಯೋಜನ? ಅದು ಕಿವಿಯಿಂದಲೇ ಕಾಣುತ್ತದೆ.

ನಮ್ಮ ಹಾಗೆ ಅದಕ್ಕೆ ಹೆಸರೂ ಇದೆ. ಬಾಟಲಿಮೂತಿಯ ಡಾಲ್ಫಿನ್ನಿನ ಮರಿ ಹುಟ್ಟಿದ ಮೊದಲ ವರ್ಷದೊಳಗೇ ತನ್ನದೇ ಆದ ಒಂದು ಸಿಳ್ಳನ್ನು ರೂಢಿಸಿಕೊಳ್ಳುತ್ತದೆ. ಅದೇ ಅದರ ಗುರುತು. 2013ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿಗಳು ಒಂದೊಂದರ ಸಿಳ್ಳನ್ನು ನೀರಿನಲ್ಲಿ ನುಡಿಸಿದಾಗ, ಆ ಸಿಳ್ಳಿನ ಒಡೆಯನೇ ಓಗೊಟ್ಟಿತು. ಅದೇ ವರ್ಷ ಮತ್ತೊಬ್ಬ ವಿದ್ವಾಂಸ ತೋರಿಸಿಕೊಟ್ಟ: ಅಗಲಿ 20 ವರ್ಷವಾದ ಮೇಲೂ ಅವು ಹಳೆಯ ಒಡನಾಡಿಯ ಸಿಳ್ಳನ್ನು ಮರೆಯುವುದಿಲ್ಲ. ನಾವು ಒಂದೇ ಓಣಿಯಲ್ಲಿದ್ದು ಎರಡು ವರ್ಷ ಮಾತು ಬಿಟ್ಟರೆ ಎದುರು ಬಂದಾಗ ಗುರುತೇ ಇಲ್ಲದವರಂತೆ ಹೋಗುತ್ತೇವೆ!

2001ರಲ್ಲಿ ನ್ಯೂಯಾರ್ಕಿನ ಜಲಾಲಯವೊಂದರಲ್ಲಿ ಎರಡು ಡಾಲ್ಫಿನ್ನುಗಳ ಮೈಮೇಲೆ ಕಪ್ಪು ಗುರುತು ಮಾಡಿ ಎದುರಿಗೆ ಕನ್ನಡಿ ಇಟ್ಟರು. ಅವು ಕನ್ನಡಿಯ ಮುಂದೆ ಮೈ ತಿರುಗಿಸಿ ತಿರುಗಿಸಿ ಆ ಗುರುತನ್ನು ನೋಡಿಕೊಂಡವು. 'ಅದು ನಾನು' ಎಂಬ ಅರಿವು ಅವುಗಳಿಗಿದೆ. ಹವಾಯಿ ದ್ವೀಪದಲ್ಲಿ ಲೂಯಿ ಹರ್ಮನ್ ಎಂಬವರು ಕೈಸನ್ನೆಯ ಭಾಷೆ ಕಲಿಸಿದರು. 'ಬಳೆಯನ್ನು ಕೊಳವೆಯ ಹತ್ತಿರ ಒಯ್ಯಿ' ಎಂಬುದಕ್ಕೂ 'ಕೊಳವೆಯನ್ನು ಬಳೆಯ ಹತ್ತಿರ ಒಯ್ಯಿ' ಎಂಬುದಕ್ಕೂ ಇರುವ ಅಂತರ ಆ ಪ್ರಾಣಿಗೆ ತಿಳಿಯಿತು. ಪದಗಳು ಅವೇ, ಜೋಡಣೆ ಬೇರೆ. ಜೋಡಣೆಯಿಂದ ಅರ್ಥ ಹುಟ್ಟುತ್ತದೆ ಎಂಬುದು ಅದಕ್ಕೆ ಗೊತ್ತಾಯಿತು. ಆಸ್ಟ್ರೇಲಿಯಾದ ಒಂದು ಕೊಲ್ಲಿಯಲ್ಲಿ ಕೆಲವು ಡಾಲ್ಫಿನ್ನುಗಳು ತಳದ ಮರಳು ಕೆದಕುವಾಗ ಮೂತಿಗೆ ಗಾಯವಾಗಬಾರದೆಂದು ಸ್ಪಂಜನ್ನು ಕಚ್ಚಿ ಹಿಡಿಯುತ್ತವೆ. ಆ ವಿದ್ಯೆ ತಾಯಿಯಿಂದ ಮಗಳಿಗೆ ಬರುತ್ತದೆ. ನಮ್ಮಲ್ಲಿ ರೊಟ್ಟಿ ಬಡಿಯುವ ವಿದ್ಯೆ ಬಂದ ಹಾಗೆ.

ಇಷ್ಟು ಕೇಳಿದ ಮೇಲೆ, 'ಹಾಗಾದರೆ ಡಾಲ್ಫಿನ್ ದೇವತೆ, ಮನುಷ್ಯನೇ ಪಾಪಿ' ಎಂದುಕೊಳ್ಳಬೇಡಿ. ಅದೂ ತಪ್ಪು. ಬ್ರೆಜಿಲ್ ದೇಶದ ಲಗೂನಾ ಎಂಬಲ್ಲಿ ನೂರು ವರ್ಷಕ್ಕೂ ಮಿಕ್ಕಿ ಡಾಲ್ಫಿನ್ನುಗಳೂ ಬೆಸ್ತರೂ ಕೂಡಿ ಮೀನು ಹಿಡಿಯುತ್ತಿದ್ದಾರೆ. ಅವು ಮೀನಿನ ಹಿಂಡನ್ನು ದಡಕ್ಕೆ ಅಟ್ಟಿ ಸನ್ನೆ ಕೊಡುತ್ತವೆ, ಇವರು ಬಲೆ ಬೀಸುತ್ತಾರೆ, ಇಬ್ಬರಿಗೂ ಪಾಲು. ಗಾಯಗೊಂಡ ಜೊತೆಗಾರನನ್ನು ಕೆಳಗಿನಿಂದ ಎತ್ತಿ ಉಸಿರಾಡಿಸುವ ಡಾಲ್ಫಿನ್ನುಗಳಿವೆ. ಹಾಗೆಯೇ ಸ್ಕಾಟ್ಲೆಂಡಿನ ಕಡಲಿನಲ್ಲಿ ತಮಗಿಂತ ಚಿಕ್ಕದಾದ ಕಡಲಹಂದಿಗಳನ್ನು, ತಿನ್ನಲಿಕ್ಕೂ ಅಲ್ಲ, ಸುಮ್ಮನೆ ಗುದ್ದಿ ಗುದ್ದಿ ಕೊಲ್ಲುವ ಡಾಲ್ಫಿನ್ನುಗಳೂ ಇವೆ. ಅಲ್ಲಿಯೂ ಒಳಿತು ಕೆಡುಕು ಎರಡೂ ಉಂಟು. ಇದರಿಂದ ನಮಗೆ ತಿಳಿಯುವುದೇನು? ಬುದ್ಧಿ ಬೆಳೆದ ಮಾತ್ರಕ್ಕೆ ಒಳ್ಳೆಯತನ ಬರುವುದಿಲ್ಲ. ಮನುಷ್ಯನಿಗೂ ಈ ಮಾತು ಹೊಂದುತ್ತದೆ, ಡಾಲ್ಫಿನ್ನಿಗೂ ಹೊಂದುತ್ತದೆ.

ಹಾಗಾದರೆ ಮನುಷ್ಯನ ಹೆಚ್ಚಳ ಎಲ್ಲಿದೆ? ಕೈಯಿದೆ, ಬೆಂಕಿಯಿದೆ, ಯಂತ್ರವಿದೆ ಎನ್ನುತ್ತೀರಿ. ಇರಲಿ. ಅದಕ್ಕೂ ಮಿಗಿಲಾದುದು ಒಂದಿದೆ. ಅದನ್ನು ತಿಳಿಯಲು ಮಸ್ಕಿಗೆ ಬರಬೇಕು.

1915ನೆಯ ಇಸವಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು ಮಸ್ಕಿಯಲ್ಲಿ ಬಂಡೆಯ ಮೇಲೆ ಹಳೆಯ ಅಕ್ಷರಗಳನ್ನು ಕಂಡ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನವಿರುವುದು ನಿಮಗೆಲ್ಲ ಗೊತ್ತು. ಆ ಸೀಮೆಯಲ್ಲಿ ಗಣಿಯವನ ಕಣ್ಣಿಗೆ ಬಿದ್ದದ್ದು ಚಿನ್ನಕ್ಕಿಂತ ಬೆಲೆಯುಳ್ಳದ್ದು. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಅದುವರೆಗೆ ದೇಶದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದು ಸಿಕ್ಕಿತ್ತು, ಅದು ಯಾರದೆಂಬುದಕ್ಕೆ ಶಾಸನದ ಸಾಕ್ಷಿ ಇರಲಿಲ್ಲ. ಮಸ್ಕಿಯ ಬಂಡೆ ಹೆಸರನ್ನು ಬಾಯಿಬಿಟ್ಟು ಹೇಳಿತು: ಅಶೋಕ. ಮುಂದೆ ತುಂಗಭದ್ರೆಯ ಆಚೆ ದಡದ ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ದೊರೆಯಿತು. ಮಸ್ಕಿಯ ಆ ಶಾಸನದ ತಾತ್ಪರ್ಯವೇನು? ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಮನಸ್ಸಿಟ್ಟು ದುಡಿದರೆ ಸಣ್ಣವನಿಗೂ ದಕ್ಕುತ್ತದೆ ಎಂಬುದು.

ಇದೇ ಅಶೋಕ ಪಟ್ಟಕ್ಕೆ ಬಂದ 26ನೆಯ ವರ್ಷದಲ್ಲಿ ಉತ್ತರದೇಶದ ಕಂಬಗಳ ಮೇಲೆ ಮತ್ತೊಂದು ಆಜ್ಞೆ ಬರೆಸಿದ. ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಅದು. ಗಿಳಿ, ಮೈನಾ ಹಕ್ಕಿ, ಹಾಲೂಡುವ ಆಡು, ಕುರಿ, ಹಂದಿ, ಆರು ತಿಂಗಳೊಳಗಿನ ಮರಿ ಎಂದೆಲ್ಲ ಇದೆ. ಅದರಲ್ಲಿ 'ಗಂಗಾಪುಪುಟಕ' ಎಂಬ ಒಂದು ಹೆಸರಿದೆ. ಅದು ಗಂಗೆಯ ಡಾಲ್ಫಿನ್ ಎಂದು ವಿದ್ವಾಂಸರು ಅರ್ಥ ಮಾಡುತ್ತಾರೆ. ನೋಡಿರಿ, ಇಂದಿಗೆ 2,200 ವರ್ಷಗಳಿಗೂ ಹಿಂದಿನ ಮಾತು!

ಇದು ಮನುಷ್ಯನ ಹೆಚ್ಚಳ. ಡಾಲ್ಫಿನ್ ತನ್ನ ಮಗಳಿಗೆ ಸ್ಪಂಜಿನ ವಿದ್ಯೆ ಕಲಿಸೀತು. ಆದರೆ 'ಇಂಥ ಇಂಥ ಜೀವಗಳನ್ನು ನಾನೂ ಕೊಲ್ಲೆ, ನನ್ನವರೂ ಕೊಲ್ಲಬಾರದು' ಎಂದು ತನಗೆ ತಾನೇ ಕಟ್ಟು ಹಾಕಿಕೊಂಡು, ಅದನ್ನು ಕಲ್ಲಿನಲ್ಲಿ ಬರೆದು, ಎಂಬತ್ತು ತಲೆಮಾರಿನ ಆಚೆಯವರಿಗೆ ಮುಟ್ಟಿಸಲಾರದು. ಮಾಡಬಲ್ಲೆನಾದರೂ ಮಾಡೆನು ಎನ್ನುವುದು ಮನುಷ್ಯನ ಬಾಯಲ್ಲಿ ಬರುವ ಮಾತು. ಬಲವಿದ್ದೂ ತಡೆದುಕೊಳ್ಳುವ ಶಕ್ತಿಯೇ ಆತನ ನಿಜವಾದ ಬುದ್ಧಿ.

ಆದರೆ ಆ ಬುದ್ಧಿಯನ್ನು ನಾವು ಬಳಸಿದ್ದೇವೆಯೇ? ಚೀನಾದ ಯಾಂಗ್ಸಿ ನದಿಯಲ್ಲಿ ಬೈಜಿ ಎಂಬ ಡಾಲ್ಫಿನ್ ಇತ್ತು. 2006ರಲ್ಲಿ ವಿಜ್ಞಾನಿಗಳು ಆರು ವಾರ ಆ ನದಿಯನ್ನು ಜಾಲಾಡಿದರು. ಒಂದೂ ಸಿಗಲಿಲ್ಲ. ಹಡಗು, ಅಣೆಕಟ್ಟು, ಬಲೆ, ಹೊಲಸು ಎಲ್ಲ ಕೂಡಿ ಒಂದು ಕುಲವನ್ನೇ ಮುಗಿಸಿದವು. ನಮ್ಮ ದೇಶ ಸ್ವಲ್ಪ ಎಚ್ಚರಗೊಂಡಿತು. 1991ರಲ್ಲಿ ಬಿಹಾರದ ಭಾಗಲ್ಪುರದ ಹತ್ತಿರ ಗಂಗೆಯ ಡಾಲ್ಫಿನ್ನಿಗೆ ಅಭಯಧಾಮವಾಯಿತು. 2009ರಲ್ಲಿ ಅದನ್ನು ರಾಷ್ಟ್ರೀಯ ಜಲಚರವೆಂದು ಸಾರಿದರು. 2013ರಲ್ಲಿ, ಡಾಲ್ಫಿನ್ನನ್ನು ತೊಟ್ಟಿಯಲ್ಲಿ ಕೂಡಿಹಾಕಿ ಆಟ ಆಡಿಸುವ ಕೇಂದ್ರಗಳಿಗೆ ಅನುಮತಿ ಕೊಡಬಾರದೆಂದು ಕೇಂದ್ರ ಮೃಗಾಲಯ ಪ್ರಾಧಿಕಾರ ತಿಳಿಸಿತು. ಇಷ್ಟು ಬುದ್ಧಿಯುಳ್ಳ ಜೀವವನ್ನು ಮೋಜಿಗಾಗಿ ಸೆರೆಯಿಡುವುದು ನೀತಿಯಲ್ಲ ಎಂಬುದು ಅದರ ಸಾರ. 2025ರಲ್ಲಿ ಹೊರಬಂದ ಗಣತಿಯ ಪ್ರಕಾರ ನಮ್ಮ ನದಿಗಳಲ್ಲಿರುವ ಡಾಲ್ಫಿನ್ನುಗಳು 6,327. ಒಂದು ದೊಡ್ಡ ಹಳ್ಳಿಯ ಜನಸಂಖ್ಯೆಯಷ್ಟು. ಇಡೀ ದೇಶದಲ್ಲಿ ಇಷ್ಟೇ!

'ಅದು ಗಂಗೆಯ ಮಾತಾಯಿತು, ನಮಗೇನು?' ಎನ್ನಬಹುದು. ತುಂಗಭದ್ರೆಯಲ್ಲಿ ಡಾಲ್ಫಿನ್ ಇಲ್ಲ, ನಿಜ. ಆದರೆ ನೀರುನಾಯಿ ಇದೆ. ಅದೂ ಹಾಲೂಡುವ ಪ್ರಾಣಿ, ಅದೂ ಸಂಸಾರ ಕಟ್ಟಿಕೊಂಡು ಬದುಕುತ್ತದೆ. ತಂದೆ, ತಾಯಿ, ಮರಿಗಳು ಸಾಲಾಗಿ ಈಜಿ ಮೀನನ್ನು ಸುತ್ತುವರಿಯುತ್ತವೆ. ದೊಡ್ಡವು ಚಿಕ್ಕವಕ್ಕೆ ಬೇಟೆ ಕಲಿಸುತ್ತವೆ. ಬಾಂಗ್ಲಾದೇಶದಲ್ಲಿ ಬೆಸ್ತರು ಇವನ್ನೇ ಪಳಗಿಸಿ ಮೀನನ್ನು ಬಲೆಗೆ ಅಟ್ಟಿಸುತ್ತಾರೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿಗಳ ರಕ್ಷಣೆಗಾಗಿ ಮೀಸಲಿಟ್ಟಿತು. ಆದರೆ ನೀರುನಾಯಿಗೆ ಸರ್ಕಾರದ ಗೆರೆ ಕಾಣುತ್ತದೆಯೇ? ಅದು ಹೊಳೆಗುಂಟ ಈಜುತ್ತದೆ. ಗೆರೆಯಾಚೆ ಅದನ್ನು ಕಾಯಬೇಕಾದವರು ನಾವು.

ಹೊಳೆಯಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವವರಿದ್ದಾರೆ. ಒಂದು ಕ್ಷಣದ ಸದ್ದು. ಬೇಕಾದ ಮೀನೂ ಸತ್ತಿತು, ಬೇಡದ ಮರಿಯೂ ಸತ್ತಿತು, ನೀರುನಾಯಿಯ ಊಟವೂ ಹೋಯಿತು, ಎಷ್ಟೋ ಸಲ ಹಾಕಿದವನ ಕೈಯೂ ಹೋಯಿತು. ಇದು ಬುದ್ಧಿಯೇ? ಎಡದಂಡೆ ಕಾಲುವೆ ಬಂದು ಸಿಂಧನೂರಿನ ಎರೆಭೂಮಿ ಭತ್ತದ ಕಣಜವಾಯಿತು. ಸಂತೋಷ. ಆದರೆ ಬೆಳೆಗೆ ಹೊಡೆದ ಔಷಧಿಯ ಡಬ್ಬಿಯನ್ನು ಅದೇ ಕಾಲುವೆಯಲ್ಲಿ ತೊಳೆದರೆ, ಆ ನೀರು ಕೆಳಗಿನ ಊರಿನ ಕೆರೆಗೆ ಹೋಗುತ್ತದೆ, ದನದ ಬಾಯಿಗೆ ಹೋಗುತ್ತದೆ, ಹಳ್ಳಕ್ಕೆ ಬಿದ್ದು ಹೊಳೆಗೆ ಹೋಗುತ್ತದೆ. ಡಬ್ಬಿ ತೊಳೆದವನಿಗೆ ಓದು ಬರುತ್ತದೆ, ಡಬ್ಬಿಯ ಮೇಲೆ ವಿಷವೆಂಬ ಗುರುತೂ ಇದೆ. ಅರಿವಿದೆ, ಆಚಾರವಿಲ್ಲ. ಶರಣರು ಇವೆರಡನ್ನು ಎಂದೂ ಬೇರೆ ಮಾಡಲಿಲ್ಲ. ನಡೆಯಲ್ಲಿ ಇಳಿಯದ ಅರಿವು ಪೆಟ್ಟಿಗೆಯಲ್ಲೇ ಉಳಿದ ಬೀಜದಂತೆ. ಹೆಸರಿಗೆ ಬೀಜ, ಬೆಳೆ ಇಲ್ಲ.

ಆದ್ದರಿಂದ ಹುಡುಗರ ಪ್ರಶ್ನೆಗೆ ಉತ್ತರ ಇಷ್ಟು. ನೀರಿನ ಬಾಳಿಗೆ ಡಾಲ್ಫಿನ್ನಿನ ಬುದ್ಧಿ ಪೂರ್ಣ. ಅಲ್ಲಿ ನಾವು ಅದರ ಮುಂದೆ ಕೂಸು. ಲೆಕ್ಕ, ಲಿಪಿ, ಯಂತ್ರಗಳಲ್ಲಿ ನಾವು ಮುಂದು. ಇಷ್ಟರಿಂದ ಯಾರೂ ದೊಡ್ಡವರಾಗುವುದಿಲ್ಲ. ತನಗಿಂತ ಬಲಹೀನವಾದ ಜೀವ ಎದುರಿಗಿದ್ದಾಗ ಕೈ ತಡೆದುಕೊಳ್ಳುವವನೇ ದೊಡ್ಡವನು. ಅದಕ್ಕೆ ಚಕ್ರವರ್ತಿಯೇ ಆಗಬೇಕಿಲ್ಲ. ಸಣ್ಣವನಿಗೂ ಸಾಧ್ಯವೆಂದು ಮಸ್ಕಿಯ ಬಂಡೆ ಆಗಲೇ ಹೇಳಿದೆ. ನಾಳೆ ಹೊಲಕ್ಕೆ ಹೋದಾಗ ಡಬ್ಬಿಯನ್ನು ಕಾಲುವೆಯಿಂದ ದೂರ ಇಡಿರಿ. ಊರಿನಲ್ಲಿ ಸಿಡಿಮದ್ದಿನ ಮಾತು ಕಿವಿಗೆ ಬಿದ್ದರೆ, ಹಿರಿಯರು ಕೂಡಿ ಬುದ್ಧಿ ಹೇಳಿರಿ. ಮಕ್ಕಳನ್ನು ಒಮ್ಮೆ ಹೊಳೆಯ ದಂಡೆಗೆ ಕರೆದೊಯ್ದು ನೀರುನಾಯಿಯ ಸಂಸಾರ ತೋರಿಸಿರಿ. ಅದು ತಲೆಯೆತ್ತಿ ನಿಮ್ಮನ್ನು ನೋಡೀತು. ಆಗ ನಿಮ್ಮ ಕೈ ಕಲ್ಲಿಗೆ ಹೋಗದಿರಲಿ.