ಹತ್ತು ಕೈಗಳು ಕಟ್ಟಿದ ಕೋವಿ
(ಭಾಷಣದ ಪಠ್ಯ)



ಟೈಪ್‌ರೈಟರ್ ತಯಾರಿಸುತ್ತಿದ್ದ ಅಂಡರ್‌ವುಡ್, ಲೆಕ್ಕದ ಯಂತ್ರಗಳಿಗೆ ಹೆಸರಾಗಿದ್ದ ಐಬಿಎಂ, ಕಾಸು ಹಾಕಿದರೆ ಹಾಡುವ ಪೆಟ್ಟಿಗೆಗಳನ್ನು ಮಾಡುತ್ತಿದ್ದ ರಾಕ್-ಓಲಾ. ಈ ಮೂರು ಕಂಪನಿಗಳ ಹೆಸರೂ ಒಂದೇ ಬಗೆಯ ಕೋವಿಯ ಮೇಲೆ ಕೆತ್ತಿರುವುದನ್ನು ಕಂಡರೆ ಯಾರಿಗಾದರೂ ಅಚ್ಚರಿಯಾದೀತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಬಳಸಿದ ಎಂ-1 ಕಾರ್ಬೈನ್ ಅಂಥದೊಂದು ಕೋವಿ. ಹಳೆಯ ಕೋವಿಗಳನ್ನು ಸಂಗ್ರಹಿಸುವ ಅಮೆರಿಕದ ಹವ್ಯಾಸಿಗಳಿಗೆ ಇದು ಇಂದಿಗೂ ಬಿಡಿಸಿದಷ್ಟೂ ಮುಗಿಯದ ಒಗಟು.

ಈ ಕೋವಿ ಹುಟ್ಟಿದ್ದು ಮುಂಚೂಣಿಯ ಕಾಲಾಳಿಗಾಗಿ ಅಲ್ಲ. ಲಾರಿ ಓಡಿಸುವವನು, ಅಡುಗೆಯವನು, ರೇಡಿಯೊ ಹೊತ್ತವನು, ಫಿರಂಗಿ ನಡೆಸುವವನು ಇವರ ಕೈಗೆ ಪಿಸ್ತೂಲು ಕೊಟ್ಟರೆ ದೂರಕ್ಕೆ ಸಾಲದು. ನಾಲ್ಕು ಕಿಲೋ ಮೀರಿದ ಗ್ಯಾರಂಡ್ ರೈಫಲ್ ಕೊಟ್ಟರೆ ಹೊರುವುದೇ ಕಷ್ಟ. ಇವೆರಡರ ನಡುವೆ ನಿಲ್ಲುವ, ಸುಮಾರು ಎರಡೂವರೆ ಕಿಲೋ ತೂಗುವ, ಹದಿನೈದು ತೋಟಾ ಹಿಡಿಯುವ ಕಾರ್ಬೈನನ್ನು ಸೇನೆ 1941ರಲ್ಲಿ ಒಪ್ಪಿಕೊಂಡಿತು. ವಿನ್ಯಾಸ ವಿಂಚೆಸ್ಟರ್ ಕಂಪನಿಯದು. ಇದರ ಒಳಗಿನ ಗಿಡ್ಡ ಪಿಸ್ಟನ್ನಿನ ಕಲ್ಪನೆ ಡೇವಿಡ್ ಮಾರ್ಷಲ್ ವಿಲಿಯಮ್ಸ್ ಎಂಬಾತನದು. ಪೊಲೀಸ್ ಅಧಿಕಾರಿಯೊಬ್ಬನ ಕೊಲೆಗಾಗಿ ಸೆರೆವಾಸ ಅನುಭವಿಸಿದ್ದ ಈತನ ಬದುಕು 1952ರಲ್ಲಿ ಚಲನಚಿತ್ರವೂ ಆಯಿತು. ಆ ಚಿತ್ರದಿಂದಾಗಿ ಕೋವಿಯನ್ನು ಅವನೊಬ್ಬನೇ ರೂಪಿಸಿದನೆಂಬ ಮಾತು ಜನಜನಿತವಾಯಿತು. ವಾಸ್ತವದಲ್ಲಿ ಅದು ವಿಂಚೆಸ್ಟರಿನ ಹಲವು ಎಂಜಿನಿಯರುಗಳ ಕೆಲಸ.

ಬೇಡಿಕೆ ಒಂದು ಕಾರ್ಖಾನೆ ಪೂರೈಸುವಂಥದಾಗಿರಲಿಲ್ಲ. ಹೀಗಾಗಿ ಹತ್ತು ಮುಖ್ಯ ಕಂಪನಿಗಳಿಗೆ ಗುತ್ತಿಗೆ ಹೋಯಿತು. ಯುದ್ಧ ಮುಗಿಯುವಷ್ಟರಲ್ಲಿ ತಯಾರಾದ ಕಾರ್ಬೈನುಗಳು 60 ಲಕ್ಷಕ್ಕೂ ಹೆಚ್ಚು. ಅದರಲ್ಲಿ 26 ಲಕ್ಷ ಜನರಲ್ ಮೋಟರ್ಸಿನ ಇನ್‌ಲ್ಯಾಂಡ್ ವಿಭಾಗದ್ದೇ. ರಾಕ್-ಓಲಾದ ಪಾಲು ಎರಡು ಲಕ್ಷ ಚಿಲ್ಲರೆ. ಯಾವ ಕಂಪನಿಯ ಬಿಡಿಭಾಗವಾದರೂ ಇನ್ನೊಂದರ ಕೋವಿಗೆ ಕೂಡಬೇಕು ಎಂಬುದು ಕಟ್ಟುನಿಟ್ಟಿನ ನಿಯಮ. ಒಬ್ಬರಲ್ಲಿ ನಳಿಗೆ ಕಡಿಮೆ ಬಿದ್ದರೆ ಇನ್ನೊಬ್ಬರಲ್ಲಿ ಹೆಚ್ಚಾದದ್ದನ್ನು ತಂದು ಜೋಡಿಸುತ್ತಿದ್ದರು. ಅಂದರೆ, ಕಾರ್ಖಾನೆಯಿಂದ ಹೊರಬಿದ್ದ ದಿನವೇ ಎಷ್ಟೋ ಕಾರ್ಬೈನುಗಳು ಬೆರಕೆಯಾಗಿದ್ದವು.

ಯುದ್ಧ ಮುಗಿದ ಮೇಲೆ ಬೆರಕೆ ಇನ್ನಷ್ಟು ಹೆಚ್ಚಿತು. ಸೇನೆ ಲಕ್ಷಗಟ್ಟಲೆ ಕಾರ್ಬೈನುಗಳನ್ನು ತನ್ನ ಆಯುಧಾಗಾರಗಳಿಗೆ ತರಿಸಿ ಮರುಜೋಡಣೆಗೆ ಹಚ್ಚಿತು. ಪ್ರತಿಯೊಂದನ್ನೂ ಪೂರ್ತಿ ಬಿಚ್ಚಿ, ಭಾಗಗಳನ್ನು ಬಗೆಬಗೆಯಾಗಿ ರಾಶಿ ಹಾಕಿ, ಸವೆದದ್ದನ್ನು ಎಸೆದು, ಉಳಿದದ್ದಕ್ಕೆ ತುಕ್ಕು ತಡೆಯುವ ಬೂದುಬಣ್ಣದ ಫಾಸ್ಫೇಟ್ ಲೇಪ ಕೊಟ್ಟು, ಕೈಗೆ ಸಿಕ್ಕ ಭಾಗದಿಂದ ಮತ್ತೆ ಕಟ್ಟಿದರು. ಯಾವುದು ಯಾರದೆಂದು ಅಲ್ಲಿ ಯಾರೂ ಕೇಳಲಿಲ್ಲ.

ಸುಧಾರಣೆಗಳೂ ಆಗಲೇ ಸೇರಿದವು. ಮೊದಲಿನ ಕೋವಿಗಳಲ್ಲಿ ಸುರಕ್ಷತೆಯ ಗುಂಡಿ, ತೋಟಾ ಪೆಟ್ಟಿಗೆ ಕಳಚುವ ಗುಂಡಿ ಎರಡೂ ಅಕ್ಕಪಕ್ಕದಲ್ಲಿದ್ದವು. ಗಡಿಬಿಡಿಯಲ್ಲಿ ಒಂದರ ಬದಲು ಇನ್ನೊಂದನ್ನು ಒತ್ತಿದ ಸೈನಿಕನ ತೋಟಾ ಪೆಟ್ಟಿಗೆ ಕಾಲಬುಡಕ್ಕೆ ಬೀಳುತ್ತಿತ್ತು! ಅದಕ್ಕಾಗಿ ತಿರುಗಿಸುವ ಸನ್ನೆ ಬಂತು. ಎರಡೇ ದೂರಕ್ಕೆ ಹೊಂದುತ್ತಿದ್ದ ಹಿಂದಿನ ಗುರಿಕಿಂಡಿಯ ಜಾಗದಲ್ಲಿ ಸರಿಹೊಂದಿಸಬಲ್ಲ ಕಿಂಡಿ ಬಂತು. ನಳಿಗೆಯ ಕೆಳಗೆ ಬಯೋನೆಟ್ ಸಿಕ್ಕಿಸುವ ಕೊಂಡಿ ಬಂತು. ಈ ಕೊಂಡಿ ಯುದ್ಧದ ಕೊನೆಗಾಲದವರೆಗೂ ಹೆಚ್ಚಿನ ಸೈನಿಕರ ಕೋವಿಯಲ್ಲಿ ಇರಲಿಲ್ಲ. 1944ರ ನಾರ್ಮಂಡಿ ಕಾಳಗದ ಸಿನಿಮಾಗಳಲ್ಲಿ ಅದು ಕಂಡರೆ ಬಲ್ಲವರು ನಗುವುದು ಇದೇ ಕಾರಣಕ್ಕೆ.

ಆಮೇಲೆ ಈ ಕೋವಿಗಳು ಕೊರಿಯಾದ ಯುದ್ಧ ಕಂಡವು. ದಕ್ಷಿಣ ಕೊರಿಯಾ, ದಕ್ಷಿಣ ವಿಯೆಟ್ನಾಂ, ಇಟಲಿ, ಜರ್ಮನಿಯ ಬವೇರಿಯಾದ ಪೊಲೀಸರು ಹೀಗೆ ದೇಶದೇಶಗಳಿಗೆ ಹೋದವು. 1963ರಲ್ಲಿ ಅಮೆರಿಕದ ಸರ್ಕಾರ ರೈಫಲ್ ಸಂಘದ ಸದಸ್ಯರಿಗೆ ತಲಾ 20 ಡಾಲರಿಗೆ ಇವನ್ನು ಮಾರಿತು. ಸಂಗ್ರಹದ ಹುಚ್ಚು ಬೆಳೆದದ್ದು ಅಲ್ಲಿಂದ ಮುಂದೆ.

ಬಲ್ಲ ಸಂಗ್ರಾಹಕ ಇಂಥ ಕೋವಿಯನ್ನು ಶಾಸನ ಓದುವಂತೆ ಓದುತ್ತಾನೆ. ಹಿಂಬದಿಯಲ್ಲಿ, ಗುರಿಕಿಂಡಿಯ ಬುಡದಲ್ಲಿ, ತಯಾರಕನ ಹೆಸರು ಮತ್ತು ಕ್ರಮಸಂಖ್ಯೆ ಇರುತ್ತವೆ. ಅಗಲವಾದ ಹೊಸ ಕಿಂಡಿ ಎಷ್ಟೋ ಸಲ ಹೆಸರನ್ನೇ ಮುಚ್ಚಿರುತ್ತದೆ. ನಳಿಗೆಯ ತುದಿಯ ಬಳಿ ಅದನ್ನು ಮಾಡಿದವರ ಹೆಸರಿದ್ದು, ಕೆಲವದರಲ್ಲಿ ತಿಂಗಳು ವರ್ಷವೂ ಇರುತ್ತವೆ. ಬಿಡಿಭಾಗಗಳ ಮೇಲೆ ಸಂಕೇತಾಕ್ಷರಗಳು. ಮರದ ಹಿಡಿಯ ಮೇಲೆ ಮರುಜೋಡಿಸಿದ ಆಯುಧಾಗಾರದ ಮುದ್ರೆ: ಆಗಸ್ಟಾದ್ದಾದರೆ ಮೂರು 'ಎ', ರೆಡ್ ರಿವರಿನದಾದರೆ 'ಆರ್‌ಆರ್‌ಎ'. ಹೊರದೇಶದಿಂದ ಮರಳಿ ಬಂದದ್ದಾದರೆ ಆಮದುದಾರನ ಗುರುತು ನಳಿಗೆಯ ಮೇಲೆ. ಇಷ್ಟನ್ನೂ ಕೂಡಿಸಿ ಓದಿದರೆ ಒಂದು ಕೋವಿಯ ಜಾತಕ ಸಿಗುತ್ತದೆ.

ಅದನ್ನು ಹಾರಿಸಿ ನೋಡುವ ಆಸೆ ಇದ್ದವರು ಮೊದಲು ಬಲ್ಲ ಕುಶಲಕರ್ಮಿಯ ಬಳಿ ಒಯ್ಯುತ್ತಾರೆ. ನಳಿಗೆ ಒಂದು ಕಡೆಯದು, ತೋಟಾವನ್ನು ಹಿಂದಿನಿಂದ ಬಿಗಿಯುವ ಬೋಲ್ಟು ಇನ್ನೊಂದು ಕಡೆಯದು ಆದಾಗ ಅವೆರಡರ ನಡುವಿನ ಅಂತರ ಅಳತೆಗೆ ಸರಿಯಾಗಿರಬೇಕು. ಅದು ಹೆಚ್ಚಾದರೆ ತೋಟಾ ಒಡೆದು ಹಾರಿಸುವವನಿಗೇ ಅಪಾಯ. ದಶಕಗಳಿಂದ ಒತ್ತಿಕೊಂಡಿದ್ದ ಸ್ಪ್ರಿಂಗುಗಳು ಗಿಡ್ಡವಾಗಿರುತ್ತವೆ. ಕೆಲವು ಡಾಲರಿನ ಹೊಸ ಸ್ಪ್ರಿಂಗು ಅರ್ಧ ತೊಂದರೆ ನೀಗಿಸುತ್ತದೆ. ಹಾರಿಸುವಾಗ ಒದೆತ ಕಡಿಮೆ. ಇನ್ನೂರು ಮೀಟರಿನೊಳಗೆ ಗುರಿಯೂ ತೃಪ್ತಿಕರ.

ಇನ್ನು ಮುಖ್ಯವಾದ ಪ್ರಶ್ನೆ. 1943ರಲ್ಲಿ ಹೊರಬಿದ್ದ ರೂಪದಲ್ಲೇ ಉಳಿದ ಕಾರ್ಬೈನು ಅಪರೂಪ; ಅದಕ್ಕೆ ಬೆಲೆಯೂ ಹೆಚ್ಚು. ಆದ್ದರಿಂದ ಮರುಜೋಡಿಸಿದ ಕೋವಿಯನ್ನು 'ಮೂಲರೂಪಕ್ಕೆ' ತರುವವರು ಹುಟ್ಟಿಕೊಂಡರು. ಹೊಸ ಕಿಂಡಿ ಕಿತ್ತು ಹಳೆಯದನ್ನು ಕೂರಿಸುತ್ತಾರೆ, ಬಯೋನೆಟ್ ಕೊಂಡಿ ತೆಗೆಯುತ್ತಾರೆ, ಮರದ ಮೇಲಿನ ಆಯುಧಾಗಾರದ ಮುದ್ರೆಯನ್ನು ಉಜ್ಜಿ ಅಳಿಸುತ್ತಾರೆ. ಕೆಲವರು ಸುಳ್ಳು ಮುದ್ರೆಯನ್ನೂ ಒತ್ತುತ್ತಾರೆ. ತನ್ನ ಖುಷಿಗಾಗಿ ಹಳೆಯ ಭಾಗಗಳನ್ನು ಕೂಡಿಸಿ, ಹಾಗೆಂದು ಹೇಳಿಕೊಂಡರೆ ತಪ್ಪಿಲ್ಲ. ಮುದ್ರೆ ಅಳಿಸಿ 'ಅಸಲು' ಎಂದು ಮಾರಿದಾಗ ಕೊಂಡವನಿಗೆ ಮೋಸ, ಚರಿತ್ರೆಗೂ ಮೋಸ.

ಎರಡನೆಯ ಮಹಾಯುದ್ಧದ ಪ್ರಸಿದ್ಧ ವೀರ, ಮುಂದೆ ಚಿತ್ರನಟನೂ ಆದ ಆಡಿ ಮರ್ಫಿ ತನ್ನ ಕಾರ್ಬೈನಿನ ಸಂಖ್ಯೆ 1108783 ಎಂಬುದನ್ನು ಮರೆತಿರಲಿಲ್ಲ. ಆ ಸಂಖ್ಯೆಯ ಜಾಡು ಹಿಡಿದೇ ಸೇನೆಯ ಉಗ್ರಾಣದಲ್ಲಿ ಆ ಕೋವಿಯನ್ನು ಪತ್ತೆಹಚ್ಚಲಾಯಿತು. ಉಕ್ಕಿನ ಮೇಲಿನ ಏಳು ಅಂಕಿಗಳು ಇಲ್ಲದಿದ್ದರೆ ಅದು ಅರವತ್ತು ಲಕ್ಷದಲ್ಲಿ ಇನ್ನೊಂದು, ಅಷ್ಟೆ.

ಜೀರ್ಣೋದ್ಧಾರದ ಹೆಸರಿನಲ್ಲಿ ಗುಡಿಯ ಶಾಸನದ ಮೇಲೆ ಸುಣ್ಣ ಬಳಿದದ್ದನ್ನು ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಕಾರ್ಖಾನೆಯಲ್ಲಿ ಕಟ್ಟಿದ್ದು ಎಷ್ಟು ನಿಜವೋ, ಆಯುಧಾಗಾರದ ಹೆಸರಿಲ್ಲದ ಕೆಲಸಗಾರ ಬಿಚ್ಚಿ ಕಟ್ಟಿದ್ದೂ ಅಷ್ಟೇ ನಿಜ. ಮರದ ಮೇಲಿನ ಮೂರು ಅಕ್ಷರ ಅವನದೇ ಸಹಿ. ಅದನ್ನು ಉಜ್ಜುವ ಮೊದಲು ಒಮ್ಮೆ ಓದುವುದು ಲೇಸು.