ನಮ್ಮ ಕಂಪ್ಯೂಟರಿಗೆ ಯಾವ ನಿಯಮ ಅನ್ವಯಿಸುತ್ತದೆ?

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಕಚೇರಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ. ಅಲ್ಲಿ ಕಲಿತ ಒಂದು ಉಪಯುಕ್ತ ವಿಷಯ ಹೇಳಬೇಕೆಂದು ಸಮಿತಿಯವರು ಕೇಳಿದ್ದಾರೆ.

ಭೂಮಿ ಯೋಜನೆಯಲ್ಲಿ ನಮ್ಮ ಪಹಣಿಗಳು ಕಂಪ್ಯೂಟರಿಗೆ ಸೇರಿ ಇಪ್ಪತ್ತು ವರ್ಷಗಳ ಮೇಲಾಯಿತು. ಮಡಿಕೇರಿಯಿರಲಿ, ವಿರಾಜಪೇಟೆಯಿರಲಿ, ಸೋಮವಾರಪೇಟೆಯಿರಲಿ, ತೋಟದ ದಾಖಲೆ, ಪಿಂಚಣಿ, ಬ್ಯಾಂಕಿನ ಲೆಕ್ಕ ಎಲ್ಲವೂ ಇಂದು ಜಾಲಕ್ಕೆ ಸೇರಿದ ಯಾವುದೋ ಯಂತ್ರದ ಮೂಲಕವೇ ಹಾದುಹೋಗುತ್ತವೆ. ಪೆನ್‌ಡ್ರೈವ್ ಹಾಕಬಹುದೇ, ಎಷ್ಟು ನಿಮಿಷಕ್ಕೆ ಪರದೆಗೆ ಬೀಗ ಬೀಳಬೇಕು, ಫೈರ್‌ವಾಲ್ ಯಾರನ್ನು ಒಳಗೆ ಬಿಡಬೇಕು ಎಂಬುದಕ್ಕೆಲ್ಲ ನಿಯಮಗಳಿರುತ್ತವೆ.

ಆದರೆ ನಿಯಮ ಇದೆ ಎನ್ನುವುದು ಸುತ್ತೋಲೆಯ ಮಾತು. ಅದು ಈ ಯಂತ್ರಕ್ಕೆ ತಲುಪಿದೆಯೇ ಎಂಬುದನ್ನು ಯಂತ್ರವನ್ನೇ ಕೇಳಬೇಕು.

ವಿಂಡೋಸ್ ಬಳಸುವ ದೊಡ್ಡ ಕಚೇರಿಗಳಲ್ಲಿ ಈ ನಿಯಮಗಳನ್ನು ಗ್ರೂಪ್ ಪಾಲಿಸಿ ಎನ್ನುತ್ತಾರೆ. ಮೊದಲು ಯಂತ್ರದ ಸ್ವಂತ ನಿಯಮ, ಆಮೇಲೆ ಸ್ಥಳದ್ದು, ಆಮೇಲೆ ಇಡೀ ಸಂಸ್ಥೆಯದು, ಕೊನೆಗೆ ಆ ವಿಭಾಗದ್ದು ಜಾರಿಯಾಗುತ್ತವೆ. ಒಂದಕ್ಕೊಂದು ವಿರುದ್ಧವಾದರೆ ಸಾಮಾನ್ಯವಾಗಿ ಕೊನೆಗೆ ಬಂದದ್ದೇ ಗೆಲ್ಲುತ್ತದೆ. ಸಂಸ್ಥೆ ಪೆನ್‌ಡ್ರೈವ್ ಬೇಡವೆಂದರೂ ವಿಭಾಗ ಬೇಕೆಂದರೆ ಬಾಗಿಲು ತೆರೆದೇ ಇರುತ್ತದೆ. ಮೇಲಿನವರು ತಮ್ಮ ನಿಯಮವನ್ನು ಕಡ್ಡಾಯವೆಂದು ಗುರುತಿಸಿದ್ದರೆ ಮಾತ್ರ ಕೆಳಗಿನವರು ಅದನ್ನು ಮೀರಲಾಗದು.

ಇನ್ನೊಂದು ಮಾತು. ಯಂತ್ರ ಸುಮಾರು 90 ನಿಮಿಷಕ್ಕೊಮ್ಮೆ ಮುಖ್ಯ ಸರ್ವರನ್ನು ಕೇಳಿ ಹೊಸ ನಿಯಮ ಪಡೆಯುತ್ತದೆ. ನಮ್ಮ ಮಳೆಗಾಲ ನಿಮಗೆ ಗೊತ್ತೇ ಇದೆ. ಮರ ಬಿದ್ದು ತಂತಿ ಕಡಿದರೆ ಹೊಸ ನಿಯಮ ಬರುವುದಿಲ್ಲ, ಹಳೆಯದೇ ನಡೆಯುತ್ತಿರುತ್ತದೆ. ನೋಡುವವರಿಗೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ.

ಪರೀಕ್ಷಿಸುವುದು ಕಷ್ಟವಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಜಿಪಿರಿಸಲ್ಟ್ ಎಂದು ಟೈಪ್ ಮಾಡಿ, ಸ್ವಲ್ಪ ಜಾಗ ಬಿಟ್ಟು ಓರೆಗೆರೆ, ಅದರ ಪಕ್ಕ ಆರ್ ಅಕ್ಷರ ಹಾಕಿ. ನಿಯಮಗಳು ಕೊನೆಯ ಸಲ ಯಾವಾಗ ಬಂದವು, ಯಾವ ಸರ್ವರಿನಿಂದ ಬಂದವು, ಯಾವುವು ಜಾರಿಯಲ್ಲಿವೆ, ಯಾವುವು ಯಾವ ಕಾರಣಕ್ಕೆ ಬಿಟ್ಟುಹೋದವು ಎಂದು ಅದು ತೋರಿಸುತ್ತದೆ. ನಾನು ಮೊದಲು ತಾರೀಖು ನೋಡುತ್ತೇನೆ, ಆಮೇಲೆ ಬಿಟ್ಟುಹೋದವುಗಳ ಪಟ್ಟಿ. ಆ ಪಟ್ಟಿಯನ್ನು ಓದುವವರು ಕಡಿಮೆ. ತೊಂದರೆ ಅಡಗಿರುವುದು ಹೆಚ್ಚಾಗಿ ಅಲ್ಲಿಯೇ.

ಮನೆಯ ಲ್ಯಾಪ್‌ಟಾಪಿಗೆ ಮುಖ್ಯ ಸರ್ವರ್ ಇರುವುದಿಲ್ಲ. ಅಲ್ಲಿ ವಿಂಡೋಸ್ ಸೆಕ್ಯುರಿಟಿಯೊಳಗೆ ಫೈರ್‌ವಾಲ್ ಪುಟ ತೆರೆಯಿರಿ. ಈಗ ಸೇರಿರುವ ಜಾಲ ಪ್ರೈವೇಟ್ ಎಂದಿದೆಯೇ, ಪಬ್ಲಿಕ್ ಎಂದಿದೆಯೇ ನೋಡಿ. ಹೋಂಸ್ಟೇ ನಡೆಸುವವರು ಇಲ್ಲಿ ಬಹಳ ಮಂದಿ ಇದ್ದೀರಿ. ಅತಿಥಿಗಳು ಬಳಸುವ ವೈಫೈಗೆ ನಿಮ್ಮ ಲೆಕ್ಕದ ಲ್ಯಾಪ್‌ಟಾಪ್ ಸೇರಿದ್ದರೆ ಅದು ಪಬ್ಲಿಕ್ ಎಂದೇ ಇರಲಿ. ಆಗ ಪಕ್ಕದ ಯಂತ್ರಗಳಿಗೆ ಅದು ಸುಲಭವಾಗಿ ಕಾಣಿಸುವುದಿಲ್ಲ. ಇಷ್ಟಾದರೂ ಯಾರಾದರೂ ಆನ್‌ಲೈನಿನಲ್ಲಿ ಹಣ ವಂಚಿಸಿದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮಕ್ಕಳೇ, ಉತ್ತರ ಬಂತೆಂದು ಲೆಕ್ಕ ಬಿಟ್ಟು ಏಳಬೇಡಿ, ತಾಳೆ ನೋಡಿ ಎಂದು ಈ ಶಾಲೆಯ ಗುರುಗಳು ನಮಗೆ ಕಲಿಸಿದರು. ಕಂಪ್ಯೂಟರಿಗೂ ಅದೇ ಪಾಠ ಸಾಕು. ಯಾರೋ ನೋಡಿಕೊಂಡಿರುತ್ತಾರೆ ಎಂದು ಬಿಡಬೇಡಿ. ನಿಮ್ಮ ಮನೆಯ ಪಹಣಿ, ಅಜ್ಜಿಯ ಪಿಂಚಣಿ ಆ ಯಂತ್ರವನ್ನು ನಂಬಿಕೊಂಡಿವೆ.